ಬಿಳಿಕೆರೆಯಲ್ಲಿ ಇಳಿದ ಹುಳಗಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವಠಾರದಲ್ಲಿ ಇದ್ದದ್ದು ಐದು ಮನೆಯೋ ಆರೋ, ಆ ವರ್ಷ ಮಳೆ ಶ್ರಾವಣಕ್ಕೆ ಮೊದಲೇ ಹಿಡಿದಿತ್ತೋ ನಡುವೆ ಹಿಡಿಯಿತೋ, ಖಚಿತವಾಗಿ ಹೇಳಲಾರೆ. ಆಗಲೂ ನಾನು ದಿನಚರಿ ಬರೆಯುತ್ತಿದ್ದೆ. ಆ ನೋಟ್‌ಬುಕ್ ಈಗಲೂ ನನ್ನ ಬಳಿ ಇದೆ. ಆದರೆ ಅದನ್ನು ತೆರೆದಾಗಲೆಲ್ಲ ನನ್ನ ನೆನಪಿಗೂ ನನ್ನದೇ ಕೈಬರಹಕ್ಕೂ ಜಗಳ ಶುರುವಾಗುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ನಾನಿನ್ನೂ ತೀರ್ಮಾನಿಸಿಲ್ಲ.

ಹೋದ ತಿಂಗಳು ಹುಣಸೂರಿನ ನಮ್ಮ ಮನೆಯ ತಾರಸಿಗೆ ಹೋದವಳು ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲವನ್ನು ಎತ್ತಿದೆ. ಎರಡು ದಿನದ ಜಡಿಮಳೆಗೆ ಅದು ನೆನೆದು ಭಾರವಾಗಿತ್ತು. ಒದ್ದೆ ಗೋಣಿಯ ವಾಸನೆ ಮುಖಕ್ಕೆ ಬಡಿಯಿತು... ಸ್ವಲ್ಪ ಮಣ್ಣು, ಸ್ವಲ್ಪ ಹಳೆಯ ರಾಗಿ, ಸ್ವಲ್ಪ ಕೊಳೆತ ಎಲೆ ಸೇರಿದ ವಾಸನೆ. ಅಡಿಯಲ್ಲಿ ಮೂರು ಹುಳಗಳು ಅಂಟಿಕೊಂಡಿದ್ದವು. ಚಿಪ್ಪಿಲ್ಲದ ಬಸವನಹುಳು ಅವು. ನಮ್ಮ ಕಡೆ ಸಿಂಬಳದ ಹುಳ ಎನ್ನುತ್ತಾರೆ. ಎರಡು ದಿನದಿಂದ ನನ್ನ ಸೇವಂತಿಗೆಯ ಎಳೆ ಸುಳಿಗಳನ್ನು ಕತ್ತರಿಸಿ ಹಾಕುತ್ತಿದ್ದವರು ಇವರೇ ಎಂದು ಗೊತ್ತಾಯಿತು. ಸಿಟ್ಟು ಬರಬೇಕಿತ್ತು. ಬದಲಿಗೆ ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ. ಏಕೆಂದರೆ ನನ್ನ ಕಿವಿಯಲ್ಲಿ ಯಾರೋ, "ಮೂರ್ ಜನ ಹತ್ತವ್ರೆ ಕಣವ್ವ, ಒಬ್ರೂ ಟಿಕೀಟ್ ತಗಂಡಿಲ್ಲ" ಎಂದಿದ್ದರು.

ಅದು ಕಂಡಕ್ಟರಣ್ಣನ ಧ್ವನಿ.

ಕೃಷ್ಣರಾಜನಗರದ ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಸೇರಿದ ಮೊದಲ ವರ್ಷ ಅದು. ಇತಿಹಾಸದಲ್ಲಿ ಎಂ.ಎ. ಮುಗಿಸಿದ್ದೆ. ಆಧಾರವಿಲ್ಲದೆ ಯಾರ ಮಾತನ್ನೂ ಒಪ್ಪಬಾರದು ಎಂಬ ಹೊಸ ಹುರುಪು ಬೇರೆ. ಹೆಣ್ಣುಮಗಳು ಒಬ್ಬಳೇ ಇರಬಾರದೆಂದು ಮನೆಯವರು ಪಿರಿಯಾಪಟ್ಟಣದಿಂದ ಚಿಕ್ಕಮ್ಮನನ್ನು ನನ್ನ ಜೊತೆಗೆ ಕಳುಹಿಸಿದ್ದರು. ಚಿಕ್ಕಮ್ಮ ಒಂದು ಬೆಕ್ಕನ್ನೂ ಒಂದು ರಾಗಿ ಜರಡಿಯನ್ನೂ ತಂದಿದ್ದಳು. ವಠಾರವೆಂದರೆ ಎದುರುಬದುರು ಎರಡು ಸಾಲು ಮನೆ, ನಡುವೆ ಉದ್ದನೆಯ ಅಂಗಳ, ಅಂಗಳದ ಮಧ್ಯದಲ್ಲಿ ಎಲ್ಲರಿಗೂ ಒಂದೇ ನಲ್ಲಿ. ಬೀದಿಗೆ ಹತ್ತಿರದ ಮನೆಯಲ್ಲಿ ಓನರಮ್ಮ. ಹಿಂದುಗಡೆಯ ಕೊನೆಯ ಕೋಣೆಯಲ್ಲಿ ಕಂಡಕ್ಟರಣ್ಣ.

ಅವರಿಗಾಗ ಐವತ್ತೈದರ ಸುಮಾರು. ಹೆಂಡತಿ, ಮಗಳು, ಹೊಲ ಎಲ್ಲ ಎಚ್.ಡಿ. ಕೋಟೆ ಕಡೆಯ ಊರಿನಲ್ಲಿ. ವಾರದ ರಜೆಗೆ ಹೋಗಿ ಬರುತ್ತಿದ್ದರು. ಉಳಿದಂತೆ ಅವರ ಸಂಸಾರವೆಲ್ಲ ಅಂಗಳದಲ್ಲಿತ್ತು. ಬಣ್ಣದ ಡಬ್ಬಿ, ಎಣ್ಣೆ ಟಿನ್ನು, ಕಂಠ ಮುರಿದ ಪ್ಲಾಸ್ಟಿಕ್ ಕೊಡ, ತೂತಾದ ಬಕೆಟ್ಟು, ಸವೆದ ಟೈರು... ಅವರ ಲೆಕ್ಕದಲ್ಲಿ ಇವೆಲ್ಲ ಕುಂಡಗಳೇ. ಅವುಗಳಲ್ಲಿ ಡೇರೆ, ಸೇವಂತಿಗೆ, ಚೆಂಡು ಹೂವಿನ ಸಸಿ, ಮರುಗ, ಕರ್ಣಕುಂಡಲ. ಒಟ್ಟು ಅರವತ್ತೊಂದು ಕುಂಡ ಎಂದು ನನಗೆ ನೆನಪು. ನೋಟ್‌ಬುಕ್ಕಿನಲ್ಲಿ ನಲವತ್ತಾರು ಎಂದಿದೆ.

ಅವರು ಕುಂಡಗಳನ್ನು ಬಸ್ಸಿನ ರೂಟಿನ ಪ್ರಕಾರ ಇಟ್ಟಿದ್ದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ, ನೋಟ್‌ಬುಕ್ಕಿನಲ್ಲೂ ಇದೆ. ಎಡಗಡೆ ಸಾಲು ಹುಣಸೂರು ರೂಟು. ಮೊದಲ ಕುಂಡದ ಮೇಲೆ ಬಿಳಿ ಬಣ್ಣದಲ್ಲಿ ಕೆ.ಆರ್. ನಗರ, ನಡುವಿನದರ ಮೇಲೆ ಬಿಳಿಕೆರೆ, ಕೊನೆಯದರ ಮೇಲೆ ಹುಣಸೂರು. ಬಲಗಡೆ ಸಾಲು ಎಚ್.ಡಿ. ಕೋಟೆಗೆ ಹೋಗುತ್ತಿತ್ತು. ಬೆಳಿಗ್ಗೆ ನೀರು ಹಾಕುವಾಗ ಒಂದೊಂದು ಸ್ಟಾಪಿನ ಹೆಸರನ್ನೂ ಕೂಗಿ ನೀರು ಹನಿಸುತ್ತಿದ್ದರು. ಸಾಲು ಮುಗಿದ ಮೇಲೆ ಕುತ್ತಿಗೆಯಲ್ಲಿ ನೇತಾಡುವ ವಿಶಲ್ ಬಾಯಿಗಿಟ್ಟು ಎರಡು ಸಲ ಊದಿ "ರೈಟ್" ಎನ್ನುತ್ತಿದ್ದರು. ಮೊದಲ ವಾರ ನನಗೆ ಅವರ ತಲೆ ಸರಿಯಿದೆಯೋ ಇಲ್ಲವೋ ಎಂಬ ಅನುಮಾನವಿತ್ತು. ಎರಡನೆಯ ವಾರದಿಂದ ಆ ವಿಶಲ್ ಕೇಳದೆ ನನಗೆ ಎಚ್ಚರವೇ ಆಗುತ್ತಿರಲಿಲ್ಲ.

ಒಮ್ಮೆ ನಾನು ಕೇಳಿದ್ದೆ, "ಅಣ್ಣ, ಇಷ್ಟೊಂದು ಕುಂಡ ಯಾಕೆ? ನಾಳೆ ಟ್ರಾನ್ಸ್‌ಫರ್ ಆದರೆ ಎಲ್ಲಾನೂ ಹೊತ್ಕೊಂಡು ಹೋಗ್ತೀರಾ?"

ಅವರು ಬಕೆಟ್ಟು ಕೆಳಗಿಟ್ಟು ಹೇಳಿದ್ದರು: "ನೋಡವ್ವ, ದಿನಾ ಸಾವಿರ ಜನ ಹತ್ತುತಾರೆ, ಸಾವಿರ ಜನ ಇಳೀತಾರೆ. ಯಾರೂ ನನ್ ಮಕ ತಿರುಗಿ ನೋಡಾಕಿಲ್ಲ. ಇವು ಮಾತ್ರ ನಾ ಬರೋಗಂಟ ಇಲ್ಲೇ ಕುಂತಿರ್ತವೆ."

ಆ ಕುಂಡಗಳಿಗೆ ಕುತ್ತು ಬಂದದ್ದು ಶ್ರಾವಣದ ಒಂದು ಬೆಳಿಗ್ಗೆ. ಓನರಮ್ಮ ದಿನವೂ ಬೆಳಕು ಹರಿಯುವ ಹೊತ್ತಿಗೆ ಅಂಗಳಕ್ಕೆ ನೀರು ಚಿಮುಕಿಸಿ ಬರಿಗಾಲಲ್ಲಿ ರಂಗೋಲಿ ಬಿಡುತ್ತಿದ್ದರು. ಎಪ್ಪತ್ತು ದಾಟಿದ್ದರೂ ಸೊಂಟ ಬಗ್ಗಿಸಿ ಒಂದೇ ಉಸಿರಿನಲ್ಲಿ ಎಳೆ ಎಳೆಯುವ ಹೆಂಗಸು. ಅಂದು ಅವರ ಕೂಗಿಗೆ ಇಡೀ ವಠಾರ ಎದ್ದು ಬಂತು.

"ಅಯ್ಯಯ್ಯೋ! ಕಾಲ್ ಕೆಳಗೆ ಏನೋ ಪಿಚಕ್ ಅಂತು ಕಣ್ರೋ!"

ನಾವು ಹೊರಗೆ ಬಂದಾಗ ಅವರು ನಲ್ಲಿಯನ್ನು ಹಿಡಿದುಕೊಂಡು ಒಂದು ಕಾಲಿನಲ್ಲಿ ನಿಂತಿದ್ದರು. ಇನ್ನೊಂದು ಪಾದಕ್ಕೆ ಸಿಂಬಳದ ಹುಳದ ಲೋಳೆ. ಚಿಕ್ಕಮ್ಮ ಓಡಿಹೋಗಿ ನೀರು ಹುಯ್ದಳು. ಕಂಡಕ್ಟರಣ್ಣ ಅರ್ಧ ಯೂನಿಫಾರ್ಮಿನಲ್ಲಿ, ಅಂದರೆ ಖಾಕಿ ಅಂಗಿ ಮತ್ತು ಪಟಾಪಟಿ ಚಡ್ಡಿಯಲ್ಲಿ, ದೂರ ನಿಂತಿದ್ದರು.

"ಅಲ್ಲ ಕಣಯ್ಯ ಕಂಡಕ್ಟ್ರು, ಇದೇನ್ ವಠಾರವೋ ಹುಳದ ಸಂತೆಯೋ?" ಓನರಮ್ಮ ಶುರು ಮಾಡಿದರು. "ಈಗ್ಲೇ ಹೇಳ್ಬುಟ್ಟೀನಿ ಕೇಳ್ಕೊ. ಗೌರಿ ಹಬ್ಬದ ಬೆಳಿಗ್ಗೆ ಇಲ್ಲೇ ರಂಗೋಲೆ ಬುಡ್ತೀನಿ. ಬರಿಗಾಲಲ್ಲೇ ಬುಡ್ತೀನಿ. ಒಂದೇ ಒಂದ್ ಹುಳ ನನ್ ಕಣ್ಣಿಗೆ ಬೀಳ್ಲಿ... ನಿನ್ ಡಬ್ಬ, ಟಯರು ಎಲ್ಲಾ ಅವತ್ತೇ ತಿಪ್ಪೆಗೆ."

"ಅಮ್ಮಾವ್ರೇ, ಕುಂಡ ಏನ್ ತೆಪ್ಪು ಮಾಡ್ದೋ..."

"ಕುಂಡ ಇದ್ರೆ ತಾನೆ ಹುಳ? ಒಂದ್ ಚಿಟಿಕೆ ಉಪ್ಪು ಹಾಕಕ್ಕೆ ಏನ್ ನಿಂಗೆ?"

"ಉಪ್ಪು ಮಾತ್ರ ಬ್ಯಾಡಿ ಅಮ್ಮಾವ್ರೇ. ಅವು ಕರಗೋದ ಒಂದ್ಸಲ ಕಣ್ಣಾರೆ ನೋಡೀವ್ನಿ. ಆಮ್ಯಾಕೆ ಮೂರ್ ದಿನ ಮುದ್ದೆ ನುಂಗಾಕಾಗ್ನಿಲ್ಲ. ಅದ್ರಲ್ಲೂ ಇದು ಶ್ರಾವಣ."

"ಸಿಂಬಳದ ಹುಳಕ್ಕೂ ಶ್ರಾವಣವಾ ಕಂಡಕ್ಟ್ರೇ?" ಎಂದಳು ಚಿಕ್ಕಮ್ಮ.

"ಅವ್ಕಲ್ಲ ಕಣಕ್ಕ, ನಂಗೆ."

ಎಲ್ಲರೂ ನಕ್ಕರು. ಓನರಮ್ಮ ನಗಲಿಲ್ಲ. ಅವರು ಹೇಳಿದ ಮಾತನ್ನು ನಡೆಸುವವರೆಂದು ವಠಾರಕ್ಕೆಲ್ಲ ಗೊತ್ತಿತ್ತು. ಹಿಂದಿನ ವರ್ಷ ಬಾಡಿಗೆದಾರರೊಬ್ಬರ ಕರು ರಂಗೋಲಿ ತುಳಿಯಿತೆಂದು ಕರುವಿಗೂ ಅವರಿಗೂ ಜಾಗ ಖಾಲಿ ಮಾಡಿಸಿದ್ದರಂತೆ. ಗೌರಿ ಹಬ್ಬಕ್ಕೆ ಇಪ್ಪತ್ತು ದಿನವೂ ಇರಲಿಲ್ಲ. ಕಂಡಕ್ಟರಣ್ಣ ಅಂದು ಸಾಲಿಗೆ ನೀರು ಹಾಕಿದರು, ವಿಶಲ್ ಊದಲಿಲ್ಲ.

ಓದಿಕೊಂಡವಳು ನಾನು, ಸುಮ್ಮನಿರುತ್ತೇನೆಯೇ? ಅಂದು ಸಂಜೆಯೇ ಗೊಬ್ಬರದ ಅಂಗಡಿಗೆ ಹೋಗಿ ಹುಳ ಕೊಲ್ಲುವ ಗುಳಿಗೆಯ ಪ್ಯಾಕೆಟ್ಟು ತಂದು ಅವರ ಕೈಗಿಟ್ಟೆ. ಅವರು ಕನ್ನಡಕ ಏರಿಸಿ, ಟಿಕೆಟ್ ಪರೀಕ್ಷೆ ಮಾಡುವ ಹಾಗೆ, ಹಿಂದೆ ಮುಂದೆ ತಿರುಗಿಸಿ ಓದಿದರು.

"ಒಳ್ಳೇದೇ ಇರ್ಬೋದು ಮೇಡಮ್ಮೋರೆ. ಆದ್ರೆ ನಿಮ್ ಚಿಕ್ಕಮ್ಮನ ಬೆಕ್ಕು ದಿನಾ ನನ್ ಕುಂಡದಲ್ಲೇ ಮನೀಕೊಳ್ಳೋದು. ಹುಳಕ್ಕಿಂತ ಮೊದ್ಲು ಅದೇ ಇಳಿದೋಗ್ಬುಡ್ತದೆ." ಪ್ಯಾಕೆಟ್ಟನ್ನು ಮಡಚಿ ನನಗೇ ವಾಪಸು ಕೊಟ್ಟರು. "ನಂಗೆ ಬರೋದು ಒಂದೇ ಕೆಲ್ಸ ಕಣವ್ವ. ಹತ್ತಿಸ್ಕೊಳ್ಳೋದು, ಇಳಿಸೋದು. ಅದ್ನೇ ಮಾಡ್ತೀನಿ."

ಮಾಡಿದರು. ಸಂಜೆ ಹೊತ್ತಿಗೆ ಗೋಣಿಚೀಲಗಳನ್ನು ನೆನೆಸಿ ಕುಂಡಗಳ ಪಕ್ಕದಲ್ಲಿ ಹಾಸುತ್ತಿದ್ದರು. ಪ್ರತಿ ಗೋಣಿಯ ಅಡಿಯಲ್ಲಿ ಒಂದು ಪರಂಗಿ ಎಲೆ. ಹುಳಕ್ಕೆ ಒದ್ದೆ ಬೇಕು, ಕತ್ತಲೆ ಬೇಕು, ಎಲೆಯ ವಾಸನೆ ಬೇಕು. ಮೂರೂ ಒಂದೇ ಕಡೆ ಸಿಕ್ಕರೆ ಸೇವಂತಿಗೆ ಕಡೆಗೆ ಯಾಕೆ ಹೋದೀತು ಎಂಬುದು ಅವರ ವಾದ. ಬೆಳಿಗ್ಗೆ ಬಿಸಿಲೇಳುವ ಮೊದಲು ಗೋಣಿಯನ್ನು ಮೆಲ್ಲಗೆ ಮಗುಚಿದರೆ ಹುಳಗಳೆಲ್ಲ ಅಲ್ಲೇ ಗುಂಪಾಗಿರುತ್ತಿದ್ದವು. ಎರಡು ಹುಣಸೆ ಕಡ್ಡಿಗಳಲ್ಲಿ ಒಂದೊಂದನ್ನೇ ಎತ್ತಿ, ಮುಚ್ಚಳಕ್ಕೆ ತೂತು ಕೊರೆದ ಒಂದು ಹಾಲಿನಪುಡಿ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರು. ತಿನ್ನಲು ಒಂದು ತುಂಡು ಎಲೆ. "ಮುಂದಕ್ಕೆ ಓಗಿ, ಮುಂದಕ್ಕೆ ಓಗಿ, ಒಳ್ಗಡೆ ಜಾಗ ಅದೆ" ಎಂದು ಹೇಳುತ್ತಲೇ ಮುಚ್ಚಳ ಹಾಕುತ್ತಿದ್ದರು. ಆ ಡಬ್ಬಿ ಅವರ ಜೊತೆ ಬೆಳಗಿನ ಬಸ್ಸು ಹತ್ತುತ್ತಿತ್ತು.

ಎಲ್ಲಿಗೆ ಒಯ್ಯುತ್ತಾರೆಂದು ನನಗೆ ಗೊತ್ತಾದದ್ದು, ಹುಣಸೂರಿನಲ್ಲಿ ಪರೀಕ್ಷಾ ಕೆಲಸಕ್ಕೆಂದು ನಾನು ಅದೇ ಬಸ್ಸು ಹತ್ತಿದ ದಿನ. ಕಂಡಕ್ಟರ್ ಸೀಟಿನ ಕೆಳಗೆ ಡಬ್ಬಿ ಇತ್ತು. ಮುಂದಿನ ಸೀಟಿನಲ್ಲಿ ಕುಳಿತಿದ್ದ ಬಿಳಿಕೆರೆ ಕಡೆಯ ರೈತರೊಬ್ಬರ ಕಣ್ಣು ಅದರ ಮೇಲೆ ಬಿತ್ತು. ದಿನವೂ ಓಡಾಡುವವರಿರಬೇಕು, ಸಲಿಗೆಯಿಂದ ಕೇಳಿದರು.

"ಏನ್ಲಾ ಅದು, ತಿಂಡಿಯಾ? ಒಬ್ನೇ ತಿಂತೀಯಾ?"

"ನಿಮ್ ಊರ್‌ಗೆ ನೆಂಟ್ರು ಕಣಣ್ಣ," ಎಂದು ಮುಚ್ಚಳ ತೆಗೆದು ತೋರಿಸಿದರು.

ರೈತರು ಹಾರಿ ಹಿಂದಕ್ಕೆ ಕೂತರು. "ಥೂ! ಇವುನ್ನ ತಂದು ನಮ್ ಊರಲ್ಲಿ ಯಾಕ್ಲಾ ಬುಡ್ತೀಯಾ? ನಾವ್ ಏನ್ ಪಾಪ ಮಾಡಿದ್ದೋ?"

"ನಿಮ್ ಹೊಲ್ದಲ್ಲಿ ಬೆಳೆಯೋದು ಒಗೆಸೊಪ್ಪು. ಇವ್ಕೆ ಆ ಚಟ ಇಲ್ಲ ಬುಡಣ್ಣ."

ಬಸ್ಸೆಲ್ಲ ನಕ್ಕಿತು. ಡ್ರೈವರ್ ಕನ್ನಡಿಯಲ್ಲೇ ನೋಡಿ ತಲೆ ಚಚ್ಚಿಕೊಂಡರು. ಬಿಳಿಕೆರೆಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಜನ ಚಹಾಕ್ಕೆ ಇಳಿದರೆ ಕಂಡಕ್ಟರಣ್ಣ ರಸ್ತೆ ದಾಟಿ ಒಂದು ಹೊಂಗೆ ಮರದ ಬುಡಕ್ಕೆ ಹೋದರು. ಅಲ್ಲಿ ಎಲೆ ಕೊಳೆತು ಕಪ್ಪಗೆ ಮೆತ್ತಗಾಗಿತ್ತು. ಡಬ್ಬಿಯನ್ನು ಓರೆ ಮಾಡಿ ತಟ್ಟಿ ತಟ್ಟಿ ಎಲ್ಲರನ್ನೂ ಇಳಿಸಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಒಬ್ಬ ಮನುಷ್ಯ ಇಷ್ಟು ತಾಳ್ಮೆಯಿಂದ ಶತ್ರುವನ್ನು ಬೀಳ್ಕೊಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಅವರು ಜೇಬಿನಿಂದ ಬಟ್ಟೆಚೀಲ ತೆಗೆದು ಅದೇ ಮರದ ಬುಡದಿಂದ ಎಲೆಗೊಬ್ಬರ ತುಂಬಿಕೊಂಡು ಬಂದರು. "ಇಂಥಾ ಗೊಬ್ಬರ ದುಡ್ ಕೊಟ್ರೂ ಸಿಗಾಕಿಲ್ಲ ಮೇಡಮ್ಮೋರೆ" ಎಂದು ಚೀಲವನ್ನು ನನ್ನ ಮೂಗಿಗೆ ಹಿಡಿದರು.

ಆ ರಾತ್ರಿಯ ದಿನಚರಿಯಲ್ಲಿ ಎರಡು ಸಾಲುಗಳಿವೆ. ಮೊದಲನೆಯದು: "ಹುಳಗಳನ್ನು ಬಿಳಿಕೆರೆಯ ಹೊಂಗೆ ಮರದ ಕೆಳಗೆ ಬಿಟ್ಟರು." ಎರಡನೆಯದು: "ಅಲ್ಲಿಂದ ಕುಂಡಗಳಿಗೆ ಗೊಬ್ಬರ ತಂದರು." ಒಂದರ ಕೆಳಗೆ ಒಂದು ಬರೆದಿದ್ದೇನೆ. ಎರಡಕ್ಕೂ ಸಂಬಂಧವಿರಬಹುದೆಂದು ಹೊಳೆದದ್ದಕ್ಕೆ ಒಂದು ಅಕ್ಷರದ ಸಾಕ್ಷಿಯೂ ಅಲ್ಲಿಲ್ಲ. ಸ್ನಾತಕೋತ್ತರ ಪದವಿಯ ಮೇಲೆ ನನಗಿದ್ದ ಹೆಮ್ಮೆ ಸ್ವಲ್ಪ ಕಡಿಮೆಯಾದದ್ದು ಈ ಪುಟದಿಂದಲೇ.

ಹುಳ ಮಾತ್ರ ಕಡಿಮೆಯಾಗಲಿಲ್ಲ. ಹತ್ತು ದಿನ ಹಿಡಿದು ಕಳಿಸಿದರೂ ಬೆಳಿಗ್ಗೆ ಗೋಣಿ ಮಗುಚಿದರೆ ಅಷ್ಟೇ ಜನ. ಕರ್ಣಕುಂಡಲದ ಮೃದು ಕಾಂಡಗಳು ಬುಡದಲ್ಲೇ ಕತ್ತರಿಸಿ ಬೀಳುತ್ತಿದ್ದವು. ಡೇರೆಯ ಎಲೆಗಳು ಜಾಲರಿಯಾಗಿದ್ದವು. ಅಂಗಳದ ಕಲ್ಲಿನ ಮೇಲೆ ಬೆಳ್ಳಿಯ ಗೆರೆಗಳು ಓನರಮ್ಮನ ಬಾಗಿಲಿನವರೆಗೂ ಹೋಗಿರುತ್ತಿದ್ದವು. ಅವರು ಪ್ರತಿದಿನ ಆ ಗೆರೆಗಳನ್ನು ನೋಡಿ, "ನನ್ನ ರಂಗೋಲೆಗಿಂತ ಚೆನ್ನಾಗಿ ಎಳೀತವೆ" ಎಂದು ಒಳಗೆ ಹೋಗುತ್ತಿದ್ದರು. ಕಂಡಕ್ಟರಣ್ಣನ ಮುಖ ಇಳಿಯುತ್ತ ಬಂತು. ಒಂದು ಸಂಜೆ ಅವರು ಎಚ್.ಡಿ. ಕೋಟೆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಯಾವ ಕುಂಡವನ್ನು ಯಾರಿಗೆ ಕೊಡುವುದೆಂದು ಬೆರಳು ಮಡಚುತ್ತಿದ್ದುದನ್ನು ನೋಡಿದೆ.

ಮರುದಿನವೋ ಅದರ ಮರುದಿನವೋ... ಅದು ಕಂಡಿತು. ಯಾರಿಗೆ ಮೊದಲು ಕಂಡಿತೆಂಬುದು ಈಗಲೂ ವಿವಾದದಲ್ಲಿದೆ. ನನ್ನ ನೆನಪಿನಲ್ಲಿ, ಕಂಡಕ್ಟರಣ್ಣನ ಗೊಬ್ಬರದ ಚೀಲವನ್ನು ಎತ್ತಿಡಲು ಹೋದ ನಾನು ಕಪ್ಪು ಎಲೆಗಳ ನಡುವೆ ಹೊಳೆಯುವ ಮುತ್ತುಗಳನ್ನು ನೋಡಿದೆ. ಚಿಕ್ಕಮ್ಮನ ಪ್ರಕಾರ ನಾನು ಒಳಗೆ ಓದುತ್ತಾ ಕೂತಿದ್ದೆ. ನೋಡಿದವಳು ಅವಳು, ಮತ್ತು ಅವಳ ಮೊದಲ ಮಾತು, "ಗೊಬ್ಬರದ ಚೀಲಕ್ಕೆ ಸಬ್ಬಕ್ಕಿ ಯಾರ್ ಸುರುದ್ರು?" ಎಂಬುದಾಗಿತ್ತು. ಅವಳ ಮಾತಿನಲ್ಲಿರುವ ಜೀವ ನೋಡಿದರೆ ಅವಳೇ ಸರಿ ಇರಬೇಕು.

ನೆನೆಸಿದ ಸಬ್ಬಕ್ಕಿಯ ಹಾಗೇ ಇದ್ದವು. ಗೊಂಚಲು ಗೊಂಚಲು, ಪಾರದರ್ಶಕ. ಕಂಡಕ್ಟರಣ್ಣ ಒಂದನ್ನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಪಕ್ಕದಲ್ಲೇ ಉಗುರಿನಷ್ಟು ಚಿಕ್ಕದೊಂದು ಸಿಂಬಳದ ಹುಳ ಕೊಂಬು ಚಾಚುತ್ತಿತ್ತು. ಅವರು ಮೊಟ್ಟೆಯನ್ನು ನೋಡಿದರು, ಮರಿಯನ್ನು ನೋಡಿದರು, ಚೀಲವನ್ನು ನೋಡಿದರು. ನಾನು ಅವರನ್ನು ನೋಡುತ್ತಿದ್ದೆ. ಬೆಳಿಗ್ಗೆ ಡಬ್ಬಿಯಲ್ಲಿ ಬಿಳಿಕೆರೆಗೆ ಹೋದವರು ಅದೇ ಮರದ ಕೆಳಗೆ ಸಂಸಾರ ಹೂಡಿ, ಬಟ್ಟೆಚೀಲದಲ್ಲಿ ಮಕ್ಕಳುಮರಿಯನ್ನು ಕಳಿಸುತ್ತಿದ್ದರು. ಹತ್ತು ದಿನದಿಂದ ಹೀಗೇ... ಅಥವಾ ಎಷ್ಟು ವರ್ಷಗಳಿಂದಲೋ. ಗೊಬ್ಬರ ತರುವುದು ಅವರ ಹಳೆಯ ಅಭ್ಯಾಸವಲ್ಲವೇ? ಹುಳಗಳು ವಠಾರಕ್ಕೆ ಮೊದಲು ಬಂದದ್ದೇ ಆ ಬಸ್ಸಿನಲ್ಲಿ ಇರಬೇಕು.

"ಮೇಡಮ್ಮೋರೆ," ಎಂದರು ಕೊನೆಗೆ, "ನಾನು ಓಗೋದಕ್ಕೆ ಮಾತ್ರ ಕಳಿಸ್ತಾ ಇದ್ದೀನಿ ಅಂದ್ಕಂಡಿದ್ದೆ. ಇವ್ರು ನನ್ ಗಾಡೀಲೇ ರಿಟರ್ನ್ ಬತ್ತಾವ್ರೆ!"

ಅಷ್ಟು ಹೇಳಿ ಅವರು ನಗಲು ಶುರು ಮಾಡಿದರು. ಆ ನಗುವನ್ನು ಹೇಗೆ ಬರೆಯಲಿ? ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ, ಕೊನೆಗೆ ಅವರು ನಲ್ಲಿಕಟ್ಟೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಾ, "ಕಂಡಕ್ಟರ್ ಆಗಿ ಮೂವತ್ ವರ್ಷ... ನನ್ ಬಸ್ಸಲ್ಲಿ ಯಾರ್ ಹತ್ತಿದ್ರು ಅಂತ ನಂಗೇ ಗೊತ್ತಾಗ್ನಿಲ್ವಲ್ಲ!" ಎಂದು ಮತ್ತೆ ನಕ್ಕರು. ಚಿಕ್ಕಮ್ಮ ಸೆರಗು ಬಾಯಿಗೆ ತುರುಕಿಕೊಂಡು ಬಾಗಿಲಲ್ಲೇ ಕೂತುಬಿಟ್ಟಳು. ನನಗೆ ಬಿಕ್ಕಳಿಕೆ ಬಂತು. ಸದ್ದು ಕೇಳಿ ಬಂದ ಓನರಮ್ಮ ಮೂವರನ್ನೂ ನೋಡಿ, "ಹುಳ ಕಡದು ಮೂರ್ ಜನಕ್ಕೂ ತಲೆ ಕೆಟ್ಟದಾ?" ಎಂದು ಕೇಳಿದರು. ವಿಷಯ ಹೇಳಿದರೆ ಅವರ ತುಟಿಯ ಒಂದು ಮೂಲೆ ಮಾತ್ರ ಅಲುಗಿತು. "ಹಬ್ಬಕ್ಕೆ ಇನ್ನು ಐದ್ ದಿನ ಅದೆ" ಎಂದು ನೆನಪಿಸಿ ಹೋದರು.

ಆ ಐದು ದಿನ ನಮ್ಮ ಅಂಗಳದಲ್ಲಿ ನಡೆದದ್ದು ಒಂದು ಹಬ್ಬವೇ. ಪ್ರತಿ ಕುಂಡದ ಮೇಲ್ಮಣ್ಣನ್ನು ತೆಗೆದು, ಜರಡಿ ಹಿಡಿದು, ಮೊಟ್ಟೆ ಆರಿಸಿ, ಮಣ್ಣನ್ನು ಬಿಸಿಲಿಗೆ ಒಣಗಿಸಿ ಮತ್ತೆ ತುಂಬುವುದೆಂದು ತೀರ್ಮಾನವಾಯಿತು. ಜರಡಿ ಎಲ್ಲಿಂದ? ಚಿಕ್ಕಮ್ಮನ ರಾಗಿ ಜರಡಿ. ತಾನಾಗಿಯೇ ಕೊಟ್ಟೆ ಎಂದು ಅವಳು ಈಗ ಹೇಳುತ್ತಾಳೆ. ಆಗ ಎರಡು ಗಂಟೆ ಅದನ್ನು ತಬ್ಬಿಕೊಂಡು ಕೂತಿದ್ದನ್ನು ನಾನು ಬರೆದಿಟ್ಟಿದ್ದೇನೆ. ಕಂಡಕ್ಟರಣ್ಣ ಡ್ಯೂಟಿ ಮುಗಿಸಿ ಬಂದವರು ಅಂಗಿ ಕಳಚಿ ಕೂತರೆ ಬೆಳಕಿರುವ ತನಕ ಏಳುತ್ತಿರಲಿಲ್ಲ. ನಾನು ಕಾಲೇಜಿಗೆ ಉಗುರಿನಲ್ಲಿ ಮಣ್ಣು ಇಟ್ಟುಕೊಂಡೇ ಹೋಗುತ್ತಿದ್ದೆ.

ಆರಿಸಿದ ಮೊಟ್ಟೆಗಳನ್ನು ಏನು ಮಾಡುವುದು? ಶ್ರಾವಣ ಇನ್ನೂ ಮುಗಿದಿರಲಿಲ್ಲ. ಅವರು ತೆಂಗಿನ ಕರಟದಲ್ಲಿ ತುಂಬಿ ಎಲೆ ಮುಚ್ಚಿದರು.

"ಇವುನ್ನ ನಮ್ ಇನ್ನೊಬ್ಬ ಕಂಡಕ್ಟ್ರು ಕೈಲಿ ಕಳುಸ್ತೀನಿ. ಪಿರಿಯಾಪಟ್ಣದ ಗಾಡಿ. ಈ ಸಲ ವಾಪಸ್ ಬರೋ ಮಾತೇ ಇಲ್ಲ."

"ಪಿರಿಯಾಪಟ್ಣಕ್ಕಾ?" ಚಿಕ್ಕಮ್ಮ ಜರಡಿ ಕೆಳಗೆ ಹಾಕಿದಳು. "ನಮ್ಮೂರ್‌ಗೆ ಕಳಿಸ್ತೀರಾ? ಜರಡೀನೂ ನಂದೇ, ಹುಳಾನೂ ನಮ್ಮೂರ್‌ಗೇನಾ?"

"ನೀವು ಊರ್‌ಗೋದಾಗ ಪರಿಚಯದವ್ರು ಇರ್ಲಿ ಅಂತ ಕಣಕ್ಕ!"

ಮಣ್ಣು ಒಣಗಿಸುವುದೇ ದೊಡ್ಡ ಕೆಲಸವಾಗಿತ್ತು. ಬಿಸಿಲು ಬಂದರೆ ಟಾರ್ಪಾಲು ಬಿಚ್ಚಿ ಮಣ್ಣು ಹರಡಬೇಕು, ನಾಲ್ಕು ಹನಿ ಬಿದ್ದರೆ ಎಲ್ಲರೂ ಓಡಿಬಂದು ನಾಲ್ಕು ಮೂಲೆ ಹಿಡಿದು ಮಡಚಬೇಕು. ದಿನಕ್ಕೆ ಐದಾರು ಸಲ ಇದೇ ಕುಣಿತ. ಮೂರನೆಯ ದಿನ ಮಧ್ಯಾಹ್ನ ನಾವೆಲ್ಲ ಊಟಕ್ಕೆ ಕೂತಿದ್ದಾಗ ಅಂಗಳದಿಂದ ದೊಡ್ಡ ಕೂಗು: "ಮಳೆ ಬಂತು ಕಣ್ರೋ! ಮಣ್ಣು! ಮಣ್ಣು!" ಓಡಿಬಂದು ನೋಡಿದರೆ ಓನರಮ್ಮ. ಆಗಲೇ ಟಾರ್ಪಾಲಿನ ಒಂದು ಮೂಲೆಯನ್ನು ಎತ್ತಿ ಹಿಡಿದು ನಿಂತಿದ್ದರು. ನಮ್ಮನ್ನು ಕಂಡ ತಕ್ಷಣ ಕೈಬಿಟ್ಟು, "ಅಂಗಳ ಕೆಸರಾದ್ರೆ ಗುಡಿಸೋಳು ನಾನು ತಾನೆ?" ಎಂದು ಗೊಣಗುತ್ತಾ ಒಳಗೆ ಹೋದರು.

ಹಬ್ಬದ ಹಿಂದಿನ ಎರಡು ಬೆಳಿಗ್ಗೆ ಗೋಣಿಯ ಅಡಿಯಲ್ಲಿ ಒಂದೂ ಹುಳವಿರಲಿಲ್ಲ. ಕಂಡಕ್ಟರಣ್ಣ ನಂಬದೆ ಗೋಣಿಯನ್ನು ಕೊಡವಿ ಕೊಡವಿ ನೋಡಿದರು. ಉಳಿದ ಕರ್ಣಕುಂಡಲಗಳು ಚಿಗುರಿ ಮೊಗ್ಗು ಬಿಟ್ಟಿದ್ದವು. ಒಂದು ಡೇರೆ ಅರಳಿತ್ತು, ಮುಷ್ಟಿಗಾತ್ರದ ಕೆಂಪು ಡೇರೆ. ಅದು ಬಿಳಿಕೆರೆ ಸ್ಟಾಪಿನ ಕುಂಡದ್ದು.

ಗೌರಿ ಹಬ್ಬದ ಬೆಳಿಗ್ಗೆ. ಕಂಡಕ್ಟರಣ್ಣ ಊರಿಗೆ ಹೋಗಿರಲಿಲ್ಲ. "ತೀರ್ಪು ಆಗೋಗಂಟ ನಂಗೆ ಅನ್ನ ಇಳಿಯಾಕಿಲ್ಲ" ಎಂದಿದ್ದರು. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಅದರ ಮೇಲೂ ಕುತ್ತಿಗೆಗೆ ವಿಶಲ್ ಹಾಕಿಕೊಂಡು ಹುಣಸೂರು ಸಾಲಿನ ಪಕ್ಕ ನಿಂತಿದ್ದರು. ನಾನು ನಮ್ಮ ಹೊಸ್ತಿಲಲ್ಲಿ. ಚಿಕ್ಕಮ್ಮ ಬಿಂದಿಗೆ ಹಿಡಿದು ನಲ್ಲಿಯ ಹತ್ತಿರ, ಅಂದರೆ ನನಗಿಂತ ಹತ್ತು ಹೆಜ್ಜೆ ಮುಂದೆ. ಓನರಮ್ಮ ಹಸಿರು ಸೀರೆಯಲ್ಲಿ ಬಂದರು. ಬರಿಗಾಲು. ನೀರು ಚಿಮುಕಿಸಿದರು, ಚುಕ್ಕಿ ಇಟ್ಟರು, ಎಳೆ ಎಳೆಯುತ್ತಾ ಹಿಂದಕ್ಕೆ ಹಿಂದಕ್ಕೆ ಸರಿದರು. ರಂಗೋಲಿ ಬಿಳಿಕೆರೆ ಕುಂಡದವರೆಗೂ ಬಂತು.

ಅಲ್ಲಿ ಅವರ ಕೈ ನಿಂತಿತು.

ಅವರು ಕುಂಡದ ಬುಡವನ್ನು ನೋಡಿದರು. ಎಷ್ಟು ಹೊ‍ತ್ತೋ... ನನಗೆ ತುಂಬ ಹೊತ್ತು ಅನ್ನಿಸಿತು. ಆಮೇಲೆ ಬಗ್ಗಿದ್ದವರು ಇನ್ನೂ ಸ್ವಲ್ಪ ಬಗ್ಗಿ, ಉದುರಿದ್ದ ಒಂದು ಎಲೆಯನ್ನು ತೆಗೆದುಕೊಂಡು, ಅದರಲ್ಲಿ ಏನನ್ನೋ ಮಡಚಿ ಎತ್ತಿ, ಗೋಡೆಯಾಚೆಗೆ ಎಸೆದರು.

"ಏನಮ್ಮಾವ್ರೇ ಅದು?" ಕಂಡಕ್ಟರಣ್ಣ ಕೇಳಿದರು.

"ಬಾಡಿದ ಹೂ ಕಣಯ್ಯ," ಎಂದರು ಓನರಮ್ಮ. ಎಳೆ ಮುಂದುವರಿಸಿ, ರಂಗೋಲಿ ಮುಗಿಸಿ, ಸೊಂಟ ನೆಟ್ಟಗೆ ಮಾಡಿ ನಿಂತರು. "ಒಂದೂ ಇಲ್ಲ. ಇರ್ಲಿ ಬುಡು ನಿನ್ ಟಯರು, ಡಬ್ಬ. ಆ ಕೆಂಪು ಹೂ ಮಾತ್ರ ನಮ್ ಗೌರಮ್ಮಂಗೆ."

ಕಂಡಕ್ಟರಣ್ಣ ವಿಶಲ್ ಬಾಯಿಗಿಟ್ಟು ಎರಡು ಸಲ ಊದಿದರು. ಇಡೀ ವಠಾರದ ಬಾಗಿಲುಗಳು ತೆರೆದವು. ಯಾರೋ ಒಳಗಿನಿಂದಲೇ "ರೈಟ್!" ಎಂದು ಕೂಗಿದರು. ಆ ಡೇರೆಯನ್ನು ಅವರು ತೊಟ್ಟಿನ ಸಮೇತ ಕತ್ತರಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ ರೀತಿ... ಅದನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ಅದಾದ ಮೇಲೆ ಪ್ರತಿ ವರ್ಷ ಮೊದಲ ಡೇರೆ ಓನರಮ್ಮನ ಮನೆಗೆ ಹೋಗುತ್ತಿತ್ತು. ಮೂರು ವರ್ಷಕ್ಕೆ ಕಂಡಕ್ಟರಣ್ಣ ನಿವೃತ್ತರಾದರು. ಒಂದು ಗೂಡ್ಸ್ ಆಟೋದಲ್ಲಿ ಎಲ್ಲ ಕುಂಡಗಳನ್ನೂ ಹತ್ತಿಸಿ, ತಾವು ಹಿಂದೆ ನಿಂತುಕೊಂಡೇ ಊರಿಗೆ ಹೋದರು. ಮುಂದಿನ ವರ್ಷ ನನಗೂ ಬೇರೆ ಕಡೆ ಕೆಲಸವಾಯಿತು. ಓನರಮ್ಮ ತೀರಿಕೊಂಡ ಮೇಲೆ ವಠಾರವನ್ನು ಒಡೆದರು. ಈಗ ಅಲ್ಲಿ ಮೂರು ಅಂತಸ್ತಿನ ಕಟ್ಟಡವಿದೆ, ಅಂಗಳವಿದ್ದ ಜಾಗದಲ್ಲಿ ಬೈಕುಗಳು ನಿಲ್ಲುತ್ತವೆ.

ಕಂಡಕ್ಟರಣ್ಣನನ್ನು ನೋಡಲು ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಹೋಗಲಿಲ್ಲ. ಕೆಲವು ವರ್ಷಗಳ ಹಿಂದೆ ಎಚ್.ಡಿ. ಕೋಟೆ ಬಸ್ಸಿನಲ್ಲಿ, ಟಿಕೆಟ್ ಮೆಷಿನ್ ಒತ್ತುತ್ತಿದ್ದ ಕಂಡಕ್ಟರನ್ನು ಸುಮ್ಮನೆ ವಿಚಾರಿಸಿದೆ. ಕುಂಡ ಅಂದ ಕೂಡಲೇ ಅವನಿಗೆ ಗೊತ್ತಾಯಿತು. "ಅವ್ರಾ? ಹೋಗ್ಬುಟ್ರು ಮೇಡಂ, ಎರಡ್ ವರ್ಷ ಆಯ್ತು. ಅವ್ರ ಮನೆ ಮುಂದೆ ಈಗ್ಲೂ ಭಾರಿ ಹೂವು," ಎಂದು ಮುಂದಿನ ಸೀಟಿಗೆ ಹೋದ. ನಾನು ಟಿಕೆಟ್ಟನ್ನು ಕೈಯಲ್ಲಿ ಹಿಡಿದು ಕೂತೇ ಇದ್ದೆ. ಇಳಿಯಬೇಕಾದ ಸ್ಟಾಪು ದಾಟಿ ಹೋಯಿತು.

ಗೌರಿ ಹಬ್ಬದ ದಿನದ ಪುಟವನ್ನು ಹೋದ ವಾರ ಮತ್ತೆ ತೆಗೆದೆ. ನನ್ನದೇ ಅಕ್ಷರದಲ್ಲಿ ಸ್ಪಷ್ಟವಾಗಿದೆ: "ಓನರಮ್ಮ ಬಾಡಿದ ಹೂವೊಂದನ್ನು ಎಸೆದರು. ಕುಂಡಗಳು ಉಳಿದವು." ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬೇರೆ. ಆ ಎಲೆಯ ಅಂಚಿನಿಂದ ಏನೋ ಒಂದು, ನಿಧಾನವಾಗಿ, ಎರಡು ಸಣ್ಣ ಕೊಂಬು ಚಾಚುತ್ತದೆ. ಇದು ನಾನು ಅಂದು ನೋಡಿದ್ದೋ, ಓನರಮ್ಮನ ಮೇಲಿನ ಪ್ರೀತಿಗೆ ಆಮೇಲೆ ಕಟ್ಟಿಕೊಂಡದ್ದೋ ನನಗೆ ಗೊತ್ತಿಲ್ಲ. ಹೊಸ್ತಿಲಿನಿಂದ ಅಷ್ಟು ಸಣ್ಣದು ಕಾಣುವುದು ಸಾಧ್ಯವೇ? ಆದರೆ ಹತ್ತು ಹೆಜ್ಜೆ ಮುಂದೆ ಚಿಕ್ಕಮ್ಮ ನಿಂತಿದ್ದಳಲ್ಲ.

ಭಾನುವಾರ ಅವಳಿಗೆ ಫೋನ್ ಮಾಡಿದೆ. ಮೊಮ್ಮಕ್ಕಳ ಗಲಾಟೆಯ ನಡುವೆ ಹುಳದ ಕಥೆಯೆಲ್ಲ ನೆನಪು ಮಾಡಿಕೊಂಡು ಇಬ್ಬರೂ ಬಹಳ ನಕ್ಕೆವು. ಜರಡಿಯ ವಿಷಯಕ್ಕೆ ಒಂದು ಸುತ್ತು ಜಗಳವೂ ಆಯಿತು. ಆಮೇಲೆ ಕೇಳಿಯೇಬಿಟ್ಟೆ. ಅವಳು "ತಡಿ, ಒಲೆ ಮೇಲೆ ಹಾಲಿಟ್ಟಿದ್ದೀನಿ, ಆಮೇಲೆ ಮಾಡ್ತೀನಿ" ಎಂದು ಫೋನಿಟ್ಟಳು. ಈ ಹೊತ್ತಿನವರೆಗೂ ಮಾಡಿಲ್ಲ. ನಾನು ಕೇಳಿದ್ದು ಇಷ್ಟೇ:

"ಚಿಕ್ಕಮ್ಮ, ನೀನು ಹತ್ತಿರದಲ್ಲೇ ಇದ್ದೆ. ಓನರಮ್ಮ ಅವತ್ತು ಎಸೆದಿದ್ದು ಹೂವಾ, ಹುಳಾನಾ?"